ಅಂಚಿನ ಮೇಲಿನ ಶಾಸನ: ವಾಲಂಟಿಯರ್ ಪದಕದ ಇಪ್ಪತ್ತು ವರ್ಷದ ಲೆಕ್ಕ

ನಮ್ಮಲ್ಲಿ ಶಾಸನ ಅಂದರೆ ಕಲ್ಲು, ಇಲ್ಲವೇ ತಾಮ್ರಪಟ. ಇಂದು ಬರೆಯುತ್ತಿರುವ ಶಾಸನದ ಉದ್ದ ಹನ್ನೊಂದು ಸೆಂಟಿಮೀಟರ್ ಚಿಲ್ಲರೆ, ಅಗಲ ಸುಮಾರು ಮೂರು ಮಿಲಿಮೀಟರ್. ಅದು ಇರುವುದು ಒಂದು ಬೆಳ್ಳಿ ಪದಕದ ಅಂಚಿನಲ್ಲಿ. ಇದನ್ನೂ ಶಾಸನ ಅಂತ ಕರೀಬಹುದಾ ಎಂದು ಕೇಳುವವರಿಗೆ ನನ್ನ ಉತ್ತರ ಸರಳ: ಲೋಹದ ಮೇಲೆ ಕೆತ್ತಿದ್ದು, ಅಧಿಕಾರದ ಒಪ್ಪಿಗೆಯಿಂದ ಕೊಟ್ಟದ್ದು, ಒಬ್ಬ ವ್ಯಕ್ತಿಯ ಹೆಸರು ಹೇಳುವಂಥದ್ದು. ತಾಮ್ರಪಟಕ್ಕೆ ಇರುವ ಲಕ್ಷಣ ಎಲ್ಲವೂ ಇದೆ, ಅಳತೆ ಮಾತ್ರ ಚಿಕ್ಕದು.

ಕಳೆದ ವರ್ಷ ಒಂದು ಮದುವೆಗೆ ಹುಬ್ಬಳ್ಳಿಗೆ ಹೋಗಿದ್ದೆ. ಗೆಳೆಯನ ಮನೆ ಪಕ್ಕ ಒಬ್ಬ ಆಂಗ್ಲೋ-ಇಂಡಿಯನ್ ಹಿರಿಯರು ಇದ್ದಾರೆ, ಮೂರು ತಲೆಮಾರು ರೈಲ್ವೆಯಲ್ಲೇ ದುಡಿದ ಮನೆತನ. ನನಗೆ ಹಳೇ ಅಕ್ಷರದ ಹುಚ್ಚು ಇದೆ ಅಂತ ಗೆಳೆಯ ಹೇಳಿದ್ದೇ ತಡ, ಆಂಟಿ ಒಳಗಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರೊಳಗೆ ಹತ್ತಿಯಲ್ಲಿ ಸುತ್ತಿದ ಪದಕ. ಮಾಸಿದ ಹಸಿರು ರಿಬ್ಬನ್ನು.

"ನೋಡ್ರಿ ತಮ್ಮಾ, ಇದು ನಮ್ಮ ಅಜ್ಜಂದು. ಯುದ್ಧದಾಗ ಶೌರ್ಯ ತೋರಿಸಿದ್ದಕ್ಕ ರಾಜ ಕೊಟ್ಟದ್ದಂತ. ಯಾವ ಯುದ್ಧ ಅಂತ ನಮಗ ಯಾರಿಗೂ ಗೊತ್ತಿಲ್ಲ. ನೀವು ಓದಿ ಹೇಳ್ರಿ."

ಓದಿದೆ. ಮುಂಬದಿಯಲ್ಲಿ ಏಳನೇ ಎಡ್ವರ್ಡ್ ದೊರೆಯ ಚಿತ್ರ. ಹಿಂಬದಿಯಲ್ಲಿ ಲಾರೆಲ್ ಮತ್ತು ತಾಳೆ ಗರಿಗಳ ನಡುವೆ ಸುರುಳಿ ಪಟ್ಟಿ, ಅದರ ಮೇಲೆ 'ಫಾರ್ ಲಾಂಗ್ ಸರ್ವಿಸ್ ಇನ್ ದ ವಾಲಂಟಿಯರ್ ಫೋರ್ಸ್'. ಅಂಚಿನಲ್ಲಿ ಸಾರ್ಜೆಂಟ್ ಅಂತ ಹುದ್ದೆ, ಅಜ್ಜನ ಹೆಸರು (ಅದನ್ನಿಲ್ಲಿ ಬರೆಯುವುದಿಲ್ಲ), ಆಮೇಲೆ ಎಸ್.ಎಂ. ರೈಲ್ವೆ ವಾಲಂಟಿಯರ್ ದಳ ಎನ್ನುವ ಅರ್ಥದ ಸಂಕ್ಷಿಪ್ತ ಅಕ್ಷರಗಳು. ತಾರೀಖು ಇಲ್ಲ, ಯುದ್ಧದ ಹೆಸರಿಲ್ಲ.

ಓದುವುದು ಐದು ನಿಮಿಷದ ಕೆಲಸ. ಅರ್ಥ ಮಾಡಿಕೊಳ್ಳೋಕೆ ಮೂರು ತಿಂಗಳು ಹಿಡಿಯಿತು. ಯಾಕೆಂದರೆ ಈ ಪದಕ ಏನು ಹೇಳುತ್ತದೆ ಎನ್ನುವುದು ಅಕ್ಷರಗಳಲ್ಲಿ ಅರ್ಧ ಮಾತ್ರ ಇದೆ. ಉಳಿದರ್ಧ ಇರುವುದು ಅದನ್ನು ಕೊಡುವ ನಿಯಮದಲ್ಲಿ. ದಾನಶಾಸನದ ಕೊನೆಯ ಶಾಪವಾಕ್ಯ ಓದಬೇಕಾದರೆ ಆ ಕಾಲದ ದಾನದ ಪದ್ಧತಿ ಗೊತ್ತಿರಬೇಕು ಅಲ್ಲವೇ, ಇದೂ ಹಾಗೇ.

ವಾಲಂಟಿಯರ್ ಅಂದರೆ ಯಾರು?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬ್ರಿಟಿಷರ ಕಾಲದ ವಾಲಂಟಿಯರ್ ಎಂದರೆ ಪೂರ್ಣಕಾಲದ ಸಿಪಾಯಿ ಅಲ್ಲ. ಗುಮಾಸ್ತ, ಕಾಫಿ ತೋಟದ ಮಾಲೀಕ, ಇಂಜಿನ್ ಡ್ರೈವರ್, ಗಣಿಯ ಫೋರ್‌ಮನ್, ಹೀಗೆ ಬೇರೆ ಉದ್ಯೋಗದಲ್ಲಿ ಇದ್ದುಕೊಂಡೇ ಬಿಡುವಿನಲ್ಲಿ ಕವಾಯತು ಮಾಡಿ, ಬಂದೂಕು ಅಭ್ಯಾಸ ಮಾಡಿ, ಗಲಭೆ ಅಥವಾ ಆಕ್ರಮಣ ಆದರೆ ಒದಗುವವನು. ಭಾರತದಲ್ಲಿ ಇಂಥ ದಳಗಳಿಗೆ 1857ರ ನಂತರ ಜೋರು ಬಂತು. 1869ರಲ್ಲಿ ಇವುಗಳಿಗಾಗಿ ಇಂಡಿಯನ್ ವಾಲಂಟಿಯರ್ಸ್ ಆಕ್ಟ್ ಬಂತು.

ನಮ್ಮ ಸೀಮೆಯಲ್ಲೂ ಇದ್ದವು. ದಂಡು ಪ್ರದೇಶದಲ್ಲಿ ಬೆಂಗಳೂರು ರೈಫಲ್ ವಾಲಂಟಿಯರ್ಸ್ 1868ರಲ್ಲೇ ಶುರುವಾಗಿತ್ತು. ಕೋಲಾರ ಚಿನ್ನದ ಗಣಿಯಲ್ಲಿ ಒಂದು ದಳ, ಕೊಡಗು-ಮೈಸೂರು ತೋಟಗಾರರದ್ದು ಇನ್ನೊಂದು. ಧಾರವಾಡವನ್ನು ಕೇಂದ್ರ ಮಾಡಿಕೊಂಡಿದ್ದ ಸದರ್ನ್ ಮರಾಠಾ ರೈಲ್ವೆಗೆ ತನ್ನದೇ ದಳ. ಆಂಟಿಯ ಅಜ್ಜ ಇದ್ದದ್ದು ಇದರಲ್ಲಿ.

ರೈಲ್ವೆ ದಳಗಳ ವಿಷಯದಲ್ಲಿ 'ವಾಲಂಟಿಯರ್' ಎನ್ನುವ ಪದವನ್ನು ಪೂರ್ತಿ ನಂಬಬೇಡಿ. ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ನೌಕರರು ದಳಕ್ಕೆ ಸೇರಬೇಕು ಅನ್ನೋದು ಎಷ್ಟೋ ರೈಲ್ವೆಗಳಲ್ಲಿ ಕೆಲಸದ ಷರತ್ತೇ ಆಗಿತ್ತು. ಸ್ವಇಚ್ಛೆ ಅಂತ ಹೆಸರು, ಒಳಗೆ ಕಡ್ಡಾಯ. ಅಂದಿನ ಸರ್ಕಾರಕ್ಕೆ ಹಳಿ, ತಂತಿ, ಸ್ಟೇಷನ್ನು ಕಾಯಲು ಸಂಬಳವಿಲ್ಲದ ಪಡೆ ಬೇಕಿತ್ತು.

ನಿಯಮಗಳು ಬಂದ ಕ್ರಮ

ಈ ಪದಕಗಳ ಹೆಸರುಗಳು ಒಂದಕ್ಕೊಂದು ಹೋಲುವುದರಿಂದ ತಲೆ ಕೆಡುತ್ತದೆ. ನನಗೆ ಅರ್ಥವಾದ ಕ್ರಮದಲ್ಲಿ ಹೇಳ್ತೀನಿ.

1892: ವಾಲಂಟಿಯರ್ ಆಫೀಸರ್ಸ್ ಡೆಕೊರೇಷನ್. ವಿಕ್ಟೋರಿಯಾ ರಾಣಿ ಜುಲೈ 25ರ ರಾಜಾಜ್ಞೆಯಿಂದ ಸ್ಥಾಪಿಸಿದ್ದು. ಬ್ರಿಟನ್ನಿನ ವಾಲಂಟಿಯರ್ ಅಧಿಕಾರಿಗಳಿಗೆ ಮಾತ್ರ, 20 ವರ್ಷ ಸೇವೆಗೆ. ಇದು ದುಂಡು ಪದಕವಲ್ಲ. ಓಕ್ ಎಲೆಗಳ ಅಂಡಾಕಾರದ ಬೆಳ್ಳಿ ಮಾಲೆ, ನಡುವೆ ರಾಣಿಯ ಹೆಸರಿನ ಮೊದಲಕ್ಷರಗಳ ಹೆಣಿಗೆ, ಮೇಲೆ ಕಿರೀಟ, ಹಸಿರು ರಿಬ್ಬನ್ನು. ಪಡೆದವರು ಹೆಸರಿನ ಮುಂದೆ ವಿ.ಡಿ. ಎಂದು ಹಾಕಿಕೊಳ್ಳಬಹುದಿತ್ತು.

1894: ಎರಡು ಬದಲಾವಣೆ. ಒಂದು, ಆ ಡೆಕೊರೇಷನ್ನು ಭಾರತ ಮತ್ತು ವಸಾಹತುಗಳ ಅಧಿಕಾರಿಗಳಿಗೂ ವಿಸ್ತರಿಸಿತು. ವಸಾಹತುಗಳಲ್ಲಿ 20 ವರ್ಷ, ಭಾರತದಲ್ಲಿ 18 ವರ್ಷ. ಎರಡು, ಬ್ರಿಟನ್ನಿನ ಸಾಮಾನ್ಯ ಶ್ರೇಣಿಯವರಿಗಾಗಿ ವಾಲಂಟಿಯರ್ ಲಾಂಗ್ ಸರ್ವಿಸ್ ಮೆಡಲ್ ಹುಟ್ಟಿತು. ಅದಕ್ಕೆ 20 ವರ್ಷ.

1896: ಈ ಮೆಡಲ್ಲೂ ಭಾರತ ಮತ್ತು ವಸಾಹತುಗಳಿಗೆ ಬಂತು. ಆಂಟಿಯ ಡಬ್ಬಿಯಲ್ಲಿದ್ದದ್ದು ಈ ಜಾತಿಯದು.

1899: ಮೇ 18ರಂದು ವಸಾಹತುಗಳಿಗೆ ಪ್ರತ್ಯೇಕ ಜೋಡಿ ಬಂತು: ಅಧಿಕಾರಿಗಳಿಗೆ ಕಲೋನಿಯಲ್ ಆಕ್ಸಿಲಿಯರಿ ಫೋರ್ಸಸ್ ಡೆಕೊರೇಷನ್, ಉಳಿದವರಿಗೆ ಅದೇ ಹೆಸರಿನ ಲಾಂಗ್ ಸರ್ವಿಸ್ ಮೆಡಲ್. ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ದಳಗಳೆಲ್ಲ ಇದರಡಿ ಹೋದವು. ಭಾರತ ಮಾತ್ರ ಹಳೆಯ 'ವಾಲಂಟಿಯರ್' ಪದಕದಲ್ಲೇ ಉಳಿಯಿತು.

1908: ಬ್ರಿಟನ್ನಿನಲ್ಲಿ ವಾಲಂಟಿಯರ್ ಪಡೆಯೇ ಟೆರಿಟೋರಿಯಲ್ ಫೋರ್ಸ್ ಆಯ್ತು, ಅಲ್ಲಿ ಹಳೆಯ ಪದಕ ನಿಂತಿತು. ಭಾರತದಲ್ಲಿ ಮುಂದುವರಿಯಿತು.

1930: ಸಾಮ್ರಾಜ್ಯದ ಎಲ್ಲ ಅರೆಕಾಲಿಕ ಪಡೆಗಳಿಗೂ ಒಂದೇ ಜೋಡಿ, ಎಫಿಷಿಯೆನ್ಸಿ ಡೆಕೊರೇಷನ್ ಮತ್ತು ಎಫಿಷಿಯೆನ್ಸಿ ಮೆಡಲ್. ದೇಶದ ಹೆಸರು ಮೇಲಿನ ಪಟ್ಟಿಯಲ್ಲಿ ಬರುತ್ತದೆ, ನಮ್ಮದರಲ್ಲಿ 'ಇಂಡಿಯಾ' ಅಂತ. ಮೆಡಲ್ಲಿನ ಅವಧಿ 20ರಿಂದ 12 ವರ್ಷಕ್ಕೆ ಇಳಿಯಿತು.

ನ್ಯೂಜಿಲೆಂಡ್ ಇವರೆಲ್ಲರಿಗಿಂತ ಮೊದಲೇ, 1887ರಲ್ಲಿ, ತನ್ನದೇ ಪದಕ ಮಾಡಿಕೊಂಡಿತ್ತು. ಅಲ್ಲಿ ಸತತ ಸೇವೆಯಾದರೆ 16 ವರ್ಷ ಸಾಕು, ನಡುನಡುವೆ ಬಿಟ್ಟಿದ್ದರೆ 20. ನಿರಂತರತೆಗೆ ಬೆಲೆ ಕಟ್ಟಿದ ಈ ನಿಯಮ ನನಗೆ ಬಹಳ ಹಿಡಿಸಿತು.

ವರ್ಷ ಎಣಿಸುವುದು ಹೇಗೆ

20 ಅಂದರೆ 20, ಇದರಲ್ಲಿ ಲೆಕ್ಕ ಏನಿದೆ ಅಂದುಕೊಂಡಿದ್ದೆ. ಆದರೆ ಎಲ್ಲ ವರ್ಷದ ತೂಕ ಒಂದೇ ಅಲ್ಲ.

ಅಧಿಕಾರಿಯ ಡೆಕೊರೇಷನ್ನಿಗೆ, ಅವನು ಅಧಿಕಾರಿ ಆಗುವ ಮುಂಚೆ ಸಾಮಾನ್ಯ ಶ್ರೇಣಿಯಲ್ಲಿ ಕಳೆದ ಕಾಲದ ಅರ್ಧ ಮಾತ್ರ ಲೆಕ್ಕಕ್ಕೆ. ಬೆಂಗಳೂರಿನ ದಳಕ್ಕೆ ಒಬ್ಬ ಗುಮಾಸ್ತ ಸೇರಿದ ಅಂತಿಟ್ಟುಕೊಳ್ಳಿ. 8 ವರ್ಷ ಸಾಮಾನ್ಯನಾಗಿ ಬಂದೂಕು ಹೊತ್ತ, ಆಮೇಲೆ ಅಧಿಕಾರಿಯಾದ. ಆ 8 ವರ್ಷಕ್ಕೆ ಸಿಗುವುದು 4. ಭಾರತದ 18 ತುಂಬಲು ಅಧಿಕಾರಿಯಾಗಿ ಇನ್ನೂ 14 ವರ್ಷ ಬೇಕು. ಒಟ್ಟು 22 ವರ್ಷ ಮೈದಾನಕ್ಕೆ ಹೋಗಿದ್ದಾನೆ, ದಾಖಲೆಯಲ್ಲಿ 18. ಇದೇ ಮನುಷ್ಯ ವಸಾಹತಿನಲ್ಲಿ ಇದ್ದಿದ್ದರೆ 24 ವರ್ಷ ಬೇಕಾಗುತ್ತಿತ್ತು.

ಪಶ್ಚಿಮ ಆಫ್ರಿಕಾದ ಕರಾವಳಿಯದ್ದು ಉಲ್ಟಾ. ಕಲೋನಿಯಲ್ ಆಕ್ಸಿಲಿಯರಿ ಪದಕಕ್ಕೆ ಅಲ್ಲಿಯ ಒಂದು ವರ್ಷ ಎರಡಕ್ಕೆ ಸಮ. ಮಲೇರಿಯಾ, ಹಳದಿ ಜ್ವರಕ್ಕೆ ಯುರೋಪಿನವರ ಸಮಾಧಿ ಎಂದೇ ಹೆಸರಾಗಿದ್ದ ಕರಾವಳಿ ಅದು. ಅಲ್ಲಿ 20 ವರ್ಷ ಬದುಕಿ ಉಳಿದು ಪದಕ ತಗೊಳ್ಳುವವರು ಎಷ್ಟು ಜನ? ಸಾವಿನ ಲೆಕ್ಕವನ್ನು ಆಡಳಿತ ಹೀಗೆ ಸೇವೆಯ ಲೆಕ್ಕದೊಳಗೆ ಸೇರಿಸಿತ್ತು.

ಇನ್ನೊಂದು ಮುಖ್ಯ ಪದ 'ಎಫಿಷಿಯೆಂಟ್'. ಬರೇ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ವರ್ಷಕ್ಕೆ ಇಷ್ಟು ಕವಾಯತು, ಇಷ್ಟು ಗುಂಡಿನ ಅಭ್ಯಾಸ ಮುಗಿಸಿದವನನ್ನು ಮಾತ್ರ ದಳದ ವಾರ್ಷಿಕ ವರದಿಯಲ್ಲಿ ಎಫಿಷಿಯೆಂಟ್ ಎಂದು ಬರೆಯುತ್ತಿದ್ದರು. ದಳಕ್ಕೆ ಸರ್ಕಾರದಿಂದ ಬರುತ್ತಿದ್ದ ತಲೆವಾರು ಹಣವೂ ಆ ಎಣಿಕೆಯ ಮೇಲೆಯೇ. ಹೀಗಾಗಿ ಹಾಜರಿ ಪುಸ್ತಕ ದಳಕ್ಕೆ ಖಜಾನೆಯ ಕೀಲಿ, ಮನುಷ್ಯನಿಗೆ ಪದಕದ ಕೀಲಿ. ನಮ್ಮ ಕಾಲೇಜುಗಳಲ್ಲಿ ಎಪ್ಪತ್ತೈದು ಪರ್ಸೆಂಟ್ ಹಾಜರಿ ಕೇಳ್ತಾರಲ್ಲ, ಅದನ್ನೇ ಇಪ್ಪತ್ತು ವರ್ಷ ಎಳೆದಂತೆ.

ಈಗ ಗಮನಿಸಿ: ಈ ಇಡೀ ಲೆಕ್ಕದಲ್ಲಿ ಶೌರ್ಯ ಎನ್ನುವ ಪದ ಎಲ್ಲೂ ಬರುವುದಿಲ್ಲ. ಒಂದು ಗುಂಡನ್ನೂ ಶತ್ರುವಿನ ಮೇಲೆ ಹಾರಿಸದೆ ಈ ಪದಕ ಪಡೆಯಬಹುದಿತ್ತು. ಹೆಚ್ಚಿನವರು ಪಡೆದದ್ದೂ ಹಾಗೆಯೇ.

ಪದಕದಿಂದ ಕಾಲ ಹಿಡಿಯುವುದು

ತಾರೀಖಿಲ್ಲದ ಶಾಸನಕ್ಕೆ ನಾವು ಲಿಪಿ, ಬಿರುದು, ಸ್ಥಳನಾಮ ನೋಡಿ ಕಾಲ ಕಟ್ಟುತ್ತೇವೆ. ಇಲ್ಲೂ ಮೂರೇ ಆಧಾರ.

ಒಂದು, ಮುಂಬದಿಯ ದೊರೆ ಮತ್ತು ಬಿರುದು. ಬ್ರಿಟನ್ನಿನಲ್ಲಿ ಕೊಟ್ಟ ಮೊದಲ ಪದಕದಲ್ಲಿ 'ವಿಕ್ಟೋರಿಯಾ ರೆಜೀನಾ', ಅಂದರೆ ರಾಣಿ, ಅಷ್ಟೇ. ಭಾರತ ಮತ್ತು ವಸಾಹತುಗಳದ್ದರಲ್ಲಿ 'ವಿಕ್ಟೋರಿಯಾ ರೆಜೀನಾ ಎತ್ ಇಂಪೆರಾತ್ರಿಕ್ಸ್', ರಾಣಿ ಮತ್ತು ಚಕ್ರವರ್ತಿನಿ. 1876ರ ಕಾಯಿದೆಯಿಂದ ಬಂದ, 1877ರ ಜನವರಿ 1ರ ದೆಹಲಿ ದರ್ಬಾರಿನಲ್ಲಿ ಸಾರಿದ ಬಿರುದು ಅದು. ಚಾಲುಕ್ಯರ ಶಾಸನದಲ್ಲಿ ದೊರೆಗೆ ಒಂದು ಬಿರುದು ಕೂಡಿದ್ದು ನೋಡಿ ಇದು ಆ ಯುದ್ಧದ ನಂತರದ್ದು ಎನ್ನುತ್ತೇವಲ್ಲ, ಅದೇ ರೀತಿ ಇಲ್ಲಿ ಒಂದು ಪದದಿಂದ ಪದಕದ ಊರು ಗೊತ್ತಾಗುತ್ತದೆ. ಎಡ್ವರ್ಡ್ ಮತ್ತು ಜಾರ್ಜ್ ಹೆಸರುಗಳಲ್ಲಿ 'ಯು' ಅಕ್ಷರದ ಜಾಗದಲ್ಲಿ 'ವಿ' ಕಂಡರೆ ಕಾಗುಣಿತ ತಪ್ಪು ಅಂದುಕೊಳ್ಳಬೇಡಿ. ರೋಮನ್ನರ ಕಲ್ಬರಹದ ರೂಢಿ ಅದು, ಎರಡು ಸಾವಿರ ವರ್ಷದ ಲಿಪಿ ಸಂಪ್ರದಾಯ ಬೆಳ್ಳಿಯ ಮೇಲೆ ಉಳಿದಿದೆ.

ಎರಡು, ಹಿಂಬದಿಯ ವಾಕ್ಯ. 'ವಾಲಂಟಿಯರ್ ಫೋರ್ಸ್' ಎಂದಿದ್ದು ಅಂಚಿನಲ್ಲಿ ಭಾರತದ ದಳ ಇದ್ದರೆ 1896ರಿಂದ 1930ರೊಳಗೆ. 'ಕಲೋನಿಯಲ್ ಆಕ್ಸಿಲಿಯರಿ ಫೋರ್ಸಸ್' ಎಂದಿದ್ದರೆ 1899ರ ನಂತರ, ಮತ್ತು ಅದು ಭಾರತದ ದಳದ್ದಲ್ಲ.

ಮೂರು, ಅಂಚಿನ ದಳದ ಹೆಸರು. ದಳಗಳ ಹೆಸರು ಬದಲಾಗುತ್ತಿದ್ದವು. 1917ರಲ್ಲಿ ಭಾರತದ ವಾಲಂಟಿಯರ್ ದಳಗಳೆಲ್ಲ ಇಂಡಿಯನ್ ಡಿಫೆನ್ಸ್ ಫೋರ್ಸ್ ಆದವು, 1920ರಲ್ಲಿ ಆಕ್ಸಿಲಿಯರಿ ಫೋರ್ಸ್. ಅಂಚಿನಲ್ಲಿ ಎ.ಎಫ್.ಐ. ಎಂಬ ಮೂರಕ್ಷರ ಇದ್ದರೆ 1920ರ ನಂತರದ್ದು. ಪಡೆಯ ಹೆಸರು ಬದಲಾದರೂ ಹಿಂಬದಿಯಲ್ಲಿ 'ವಾಲಂಟಿಯರ್ ಫೋರ್ಸ್' ಹಾಗೇ ಉಳಿದಿತ್ತು ಅನ್ನೋದನ್ನು ಮರೀಬೇಡಿ. ಎರಡು ಬದಿ ಎರಡು ಹೆಸರು ಹೇಳುತ್ತವೆ ಎಂದು ನಕಲಿ ಪದಕ ಅನ್ನಬೇಡಿ.

ಈಗ ಆಂಟಿಯ ಪದಕಕ್ಕೆ ಬರೋಣ. ಎಡ್ವರ್ಡ್ ಚಿತ್ರ, ಹಾಗಾಗಿ 1901ರಿಂದ 1910. ಎಸ್.ಎಂ. ರೈಲ್ವೆ ಎಂದಿದೆ. ಸದರ್ನ್ ಮರಾಠಾ ಕಂಪನಿ 1908ರ ಆರಂಭದಲ್ಲಿ ಮದ್ರಾಸ್ ರೈಲ್ವೆಯ ಜತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯ್ತು. ಸೇರಿದ ಮೇಲಿನದ್ದಾಗಿದ್ದರೆ ಅಂಚಿನಲ್ಲಿ ಇನ್ನೊಂದು 'ಎಂ' ಇರಬೇಕಿತ್ತು. ಹಾಗಾಗಿ 1901ರಿಂದ 1907ರ ಒಳಗೆ, ಕೆತ್ತುವವನ ತಡ ಸೇರಿಸಿ ಒಂದು ವರ್ಷ ಆಚೀಚೆ.

ಇದರಿಂದ 20 ಕಳೆಯಿರಿ. ಅಜ್ಜ ಮೊದಲು ಬಂದೂಕು ಹಿಡಿದದ್ದು ತಡ ಅಂದರೂ 1887ರ ಹೊತ್ತಿಗೆ, ಬೇಗ ಅಂದರೆ 1881. ಸದರ್ನ್ ಮರಾಠಾ ಕಂಪನಿ ಹುಟ್ಟಿದ್ದೇ 1882ರಲ್ಲಿ. ಅಂದರೆ ಹಳಿ ಹಾಕುವ ಕಾಲದಲ್ಲೇ ಅಜ್ಜ ಬಂದಿದ್ದಾರೆ, ಅಥವಾ ಅದಕ್ಕೂ ಮುಂಚೆ ಬೇರೊಂದು ರೈಲ್ವೆಯ ದಳದಲ್ಲಿ ಇದ್ದು ಇಲ್ಲಿಗೆ ಬಂದಿದ್ದಾರೆ. ಎರಡನೆಯದು ನನ್ನ ಊಹೆ. ಅಂದಿನ ಪದಕ ಪಟ್ಟಿಗಳು ಇಂಡಿಯನ್ ಆರ್ಮಿ ಆರ್ಡರ್‌ಗಳಲ್ಲಿ ಬರುತ್ತಿದ್ದವು, ಪರೀಕ್ಷಿಸಬೇಕಾದ ಜಾಗ ಅದು. ಒಂದು ಸಾಲಿನ ಅಂಚು, ಒಂದು ಕೂಡು-ಕಳೆ, ಕುಟುಂಬ ಹುಬ್ಬಳ್ಳಿಗೆ ಬಂದ ಕಾಲ ಸಿಕ್ಕಿತು.

ಪಟ್ಟಿಯಲ್ಲಿ ಇಲ್ಲದವರು

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ನಾಣ್ಯ ಸಂಗ್ರಹಕಾರರ ಖುಷಿ ಆಗುತ್ತಿತ್ತು. ಆದರೆ ಯಾವುದೇ ಶಾಸನ ಓದುವಾಗ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಇದರಲ್ಲಿ ಯಾರ ಹೆಸರು ಬರಲು ಸಾಧ್ಯವೇ ಇರಲಿಲ್ಲ?

ಹರಾಜು ಕ್ಯಾಟಲಾಗುಗಳಲ್ಲಿ, ಸಂಗ್ರಹಗಳಲ್ಲಿ ಭಾರತದ ವಾಲಂಟಿಯರ್ ಪದಕಗಳ ಚಿತ್ರ ನೋಡುತ್ತಾ ಹೋದೆ. ಅಂಚುಗಳಲ್ಲಿ ಇಂಗ್ಲಿಷ್, ಸ್ಕಾಟಿಷ್, ಐರಿಷ್, ಪೋರ್ಚುಗೀಸ್ ಮೂಲದ ಹೆಸರುಗಳೇ ಸಾಲು ಸಾಲು. ಬೆಂಗಳೂರಿನ ದಳದಲ್ಲಿ ಒಬ್ಬ ಗೌಡ, ಒಬ್ಬ ರಾವ್, ಒಬ್ಬ ಮೊದಲಿಯಾರ್ ಸಿಗಬಹುದೇನೋ ಅಂತ ಹುಡುಕಿದೆ. ನಾನು ನೋಡಿದ್ದರಲ್ಲಿ ಸಿಗಲಿಲ್ಲ. ಕಾರಣ ಪದಕದ ನಿಯಮದಲ್ಲಿಲ್ಲ, ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನ ಬಾಗಿಲಲ್ಲಿದೆ.

1885ರ ಮಾರ್ಚಿನಲ್ಲಿ ಅಫ್ಘನ್ ಗಡಿಯ ಪಂಜ್‌ದೇಹ್‌ನಲ್ಲಿ ರಷ್ಯನ್ ಸೇನೆ ಮುನ್ನುಗ್ಗಿದಾಗ ಬ್ರಿಟಿಷ್ ಇಂಡಿಯಾದಲ್ಲಿ ಯುದ್ಧದ ಭಯ ಹಬ್ಬಿತು. ಆಗ ಮದ್ರಾಸ್, ಕಲ್ಕತ್ತ ಮುಂತಾದ ಕಡೆ ವಿದ್ಯಾವಂತ ಭಾರತೀಯರು ನಮ್ಮನ್ನೂ ವಾಲಂಟಿಯರ್ ದಳಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದರು. ಸರ್ಕಾರ ಒಪ್ಪಲಿಲ್ಲ. ಯುರೋಪಿಯನ್ನರು, ಆಂಗ್ಲೋ-ಇಂಡಿಯನ್ನರು, ಕೆಲವೆಡೆ ಪಾರ್ಸಿಗಳು ಮತ್ತು ಭಾರತೀಯ ಕ್ರೈಸ್ತರು, ಇಷ್ಟಕ್ಕೇ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. 1886ರ ಕಲ್ಕತ್ತ ಅಧಿವೇಶನದಲ್ಲಿ ಕಾಂಗ್ರೆಸ್ಸು ಈ ಬಗ್ಗೆ ನಿರ್ಣಯ ಮಾಡಿತು. ಬಂದೂಕಿನ ವಿಷಯದಲ್ಲಿ ನಂಬಿಕೆ ಇಲ್ಲ ಎನ್ನುವುದೇ ಆ ಕಾಲದ ದೊಡ್ಡ ಅವಮಾನ ಆಗಿತ್ತು.

ಇಲ್ಲೊಂದು ಸಣ್ಣ ಲೆಕ್ಕ. 1885ರಲ್ಲಿ ಕೇಳಿದವರನ್ನು ಸೇರಿಸಿಕೊಂಡಿದ್ದರೆ ಅವರ 20 ವರ್ಷ ತುಂಬುತ್ತಿದ್ದದ್ದು 1905ಕ್ಕೆ, ಸರಿಸುಮಾರು ಆಂಟಿಯ ಅಜ್ಜ ಪದಕ ತೆಗೆದುಕೊಂಡ ಕಾಲಕ್ಕೆ. ನಿಯಮ ವರ್ಷ ಮಾತ್ರ ಎಣಿಸುತ್ತದೆ. ಎಣಿಕೆ ಶುರುವಾಗುವುದೇ ಸೇರಿದ ದಿನದಿಂದ. ಸೇರಲು ಬಿಡದವನಿಗೆ ಮೊದಲನೇ ವರ್ಷವೇ ಬರುವುದಿಲ್ಲ.

ಹಾಗಂತ ಭಾರತೀಯರು ದೀರ್ಘ ಸೇವೆ ಮಾಡಲಿಲ್ಲವೇ? ಪೂರ್ಣಕಾಲದ ಭಾರತೀಯ ಸಿಪಾಯಿಗಳಿಗೆ ಬೇರೆಯೇ ಪದಕ ಇತ್ತು, 1888ರಲ್ಲಿ ಶುರುವಾದ ದೀರ್ಘ ಸೇವೆ ಮತ್ತು ಸನ್ನಡತೆಯ ಪದಕ. ಅದರ ಹಿಂಬದಿಯಲ್ಲಿ ಕಮಲದ ಮಾಲೆ, ಮುಂಬದಿಯಲ್ಲಿ ಅದೇ ರಾಣಿ. ಆದರೆ ಬಿರುದು ಮಾತ್ರ ಬೇರೆ: 'ಕೈಸರ್-ಇ-ಹಿಂದ್'. ಒಬ್ಬಳೇ ದೊರೆ, ಬೆಂಗಳೂರು ದಂಡಿನ ಗುಮಾಸ್ತನಿಗೆ ಲ್ಯಾಟಿನ್ನಿನಲ್ಲಿ ಚಕ್ರವರ್ತಿನಿ, ಸಿಪಾಯಿಗೆ ಪರ್ಷಿಯನ್ ಮಾತಿನಲ್ಲಿ ಚಕ್ರವರ್ತಿನಿ. ಎರಡು ಭಾಷೆಯ ಶಾಸನ ನಮಗೆ ಹೊಸದಲ್ಲ, ಪ್ರಶಸ್ತಿಗೆ ಸಂಸ್ಕೃತ, ದಾನದ ವಿವರಕ್ಕೆ ಕನ್ನಡ ನೋಡಿದವರು ನಾವು. ಇಲ್ಲಿ ಭಾಷೆ ಭಾಗವಾಗಿರುವುದು ವಿಷಯದ ಮೇಲಲ್ಲ, ಪಡೆಯುವವನ ಮೇಲೆ.

ದಕ್ಷಿಣ ಆಫ್ರಿಕಾದ ಕತೆಯೂ ಇದಕ್ಕೆ ಹೊಂದುತ್ತದೆ. ಬೋಯರ್ ಯುದ್ಧದಲ್ಲಿ ಗಾಂಧೀಜಿ ನತಾಲ್‌ನಲ್ಲಿ ಕಟ್ಟಿದ ಭಾರತೀಯ ಆಂಬುಲೆನ್ಸ್ ದಳದಲ್ಲಿ ಸುಮಾರು 1,100 ಜನ ಇದ್ದರು. ಗಾಯಾಳುಗಳನ್ನು ಹೊತ್ತರು, ಕೆಲವೇ ವಾರಗಳಲ್ಲಿ ದಳ ಚದುರಿತು. ಗಾಂಧೀಜಿಗೆ ಯುದ್ಧದ ಪದಕ ಬಂತು; 1920ರ ಆಗಸ್ಟ್‌ನಲ್ಲಿ ಅದನ್ನು ಉಳಿದ ಪದಕಗಳ ಜತೆ ಹಿಂದಿರುಗಿಸಿದ್ದು ಎಲ್ಲರಿಗೂ ಗೊತ್ತು. ಬೇಕಾದಾಗ ಕರೆದು ಆಮೇಲೆ ಬಿಡುವ ದಳದಲ್ಲಿ ದೀರ್ಘ ಸೇವೆ ಹುಟ್ಟುವುದಾದರೂ ಹೇಗೆ?

ಕೊನೆಗೆ 1917ರಲ್ಲಿ, ಮಹಾಯುದ್ಧದ ಒತ್ತಡದಲ್ಲಿ, ಇಂಡಿಯನ್ ಡಿಫೆನ್ಸ್ ಫೋರ್ಸಿನಲ್ಲಿ ಭಾರತೀಯರಿಗೂ ಒಂದು ವಿಭಾಗ ತೆರೆಯಿತು. 1920ರಲ್ಲಿ ಅದು ಪ್ರತ್ಯೇಕವಾಗಿ ಇಂಡಿಯನ್ ಟೆರಿಟೋರಿಯಲ್ ಫೋರ್ಸ್ ಆಯಿತು. ಆಕ್ಸಿಲಿಯರಿ ಒಂದು ಕಡೆ, ಟೆರಿಟೋರಿಯಲ್ ಇನ್ನೊಂದು ಕಡೆ. ಬಾಗಿಲು ತೆರೆದರೂ ಗೋಡೆ ಹಾಗೇ ಇತ್ತು.

ವೀರಗಲ್ಲಿನ ಪಕ್ಕ ಇಟ್ಟು ನೋಡಿದರೆ

ಬೇಗೂರಿನ ನಾಗೇಶ್ವರ ದೇವಾಲಯದ 'ಬೆಂಗಳೂರು ಕಾಳಗ'ದ ಕಲ್ಲನ್ನು ನಮ್ಮ ಓದುಗರು ಬಲ್ಲರು. ಅಲ್ಲಿ ಹೆಸರು ಕಲ್ಲಿಗೆ ಏರಲು ಒಂದೇ ದಿನ ಸಾಕು, ಸತ್ತ ದಿನ. ವೀರನ ಮನೆಯವರಿಗೆ ಬಾಳ್ಗಳ್ಚು ಎಂಬ ಭೂಮಿ ಸಿಗುತ್ತಿದ್ದ ಉದಾಹರಣೆಗಳು ಎಷ್ಟೋ ಇವೆ. ವಾಲಂಟಿಯರ್ ಪದಕದ್ದು ಇದರ ಪೂರ್ತಿ ಎದುರು. ಅಲ್ಲಿ ಸಾಯಬಾರದು, ಬಿಡಬಾರದು, ತಪ್ಪಿಸಬಾರದು, ಇಪ್ಪತ್ತು ವರ್ಷ ಬರುತ್ತಲೇ ಇರಬೇಕು. ಕಲ್ಲು ಒಂದು ಕ್ಷಣವನ್ನು ಹಿಡಿದರೆ ಪದಕ ಅಭ್ಯಾಸವನ್ನು ಹಿಡಿಯುತ್ತದೆ. ಕಲ್ಲಿನ ಹಿಂದೆ ಊರು ಇದೆ, ಪದಕದ ಹಿಂದೆ ಹಾಜರಿ ಪುಸ್ತಕ ಇದೆ.

ಯಾವುದು ದೊಡ್ಡದು ಅನ್ನುವ ಮಾತಲ್ಲ. ಆದರೆ ಒಂದನ್ನು ಇನ್ನೊಂದರ ಹಾಗೆ ಓದಿದರೆ ತಪ್ಪಾಗುತ್ತದೆ. ದಂಡು ಪ್ರದೇಶದ ಹಳೇ ಸ್ಮಶಾನವೊಂದರಲ್ಲಿ ನಾನೇ ಹಾಗೆ ಎಡವಿದ್ದೆ. ಒಂದು ಗೋರಿಯಲ್ಲಿ ಹೆಸರಿನ ಮುಂದೆ ವಿ.ಡಿ. ಎಂದಿತ್ತು. ಜತೆಗಿದ್ದ ಗೆಳೆಯ ಅದನ್ನು ರೋಗದ ಹೆಸರು ಮಾಡಿ ನಕ್ಕ, ನಾನು ಯಾವುದೋ ಯುದ್ಧದ ಗೌರವ ಇರಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇಬ್ಬರೂ ತಪ್ಪು. ಆತ ಹದಿನೆಂಟು ವರ್ಷ ದಳ ನಡೆಸಿದ ಅರೆಕಾಲಿಕ ಅಧಿಕಾರಿ.

ನಿಮ್ಮ ಮನೆಯಲ್ಲಿ ಇದ್ದರೆ

ದಯವಿಟ್ಟು ಉಜ್ಜಬೇಡಿ. ಹುಣಸೆಹಣ್ಣು, ಬೂದಿ, ಪಾಲಿಷ್ ಪುಡಿ ಯಾವುದೂ ಬೇಡ. ಮೊದಲು ಸವೆಯುವುದು ಅಂಚಿನ ಅಕ್ಷರ, ಅದು ಹೋದರೆ ಹೆಸರು ಹೋಯಿತು. ರಿಬ್ಬನ್ನು ಹರಿದಿದ್ದರೂ ಬಿಡಿ.

ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಆದಷ್ಟು ಕೆಳಗೆ ಹಿಡಿದು ಅಂಚಿನ ಫೋಟೋ ತೆಗೆಯಿರಿ, ಪದಕವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಆರೋ ಏಳೋ ಫೋಟೋ. ಸವೆದ ಕಲ್ಲಿಗೆ ನಾವು ಸಂಜೆಯ ಓರೆ ಬಿಸಿಲು ಕಾಯುವ ಉಪಾಯವೇ ಇದು. ತೆಳು ಕಾಗದ ಸುತ್ತಿ ಮೆತ್ತನೆಯ ಪೆನ್ಸಿಲ್ಲಿನಿಂದ ಸವರಿದರೆ ಪಡಿಯಚ್ಚೂ ಸಿಗುತ್ತದೆ. ಅಕ್ಷರ ಅಚ್ಚೊತ್ತಿದ್ದೋ ಉಳಿಯಿಂದ ಕೆತ್ತಿದ್ದೋ ನೋಡಿ: ಅಚ್ಚೊತ್ತಿದ ಅಕ್ಷರದ ಆಳ ಎಲ್ಲ ಕಡೆ ಒಂದೇ, ಕೆತ್ತಿದ್ದರಲ್ಲಿ ಗೆರೆ ಶುರುವಿನಲ್ಲಿ ತೆಳು, ನಡುವೆ ದಪ್ಪ. ವರ್ನಿಯರ್ ಕ್ಯಾಲಿಪರ್ ಇದ್ದರೆ ವ್ಯಾಸ ಅಳೆಯಿರಿ, ಸುಮಾರು 36 ಮಿಲಿಮೀಟರ್ ಬರಬೇಕು. ಆಮೇಲೆ ಮೇಲಿನ ಮೂರು ಆಧಾರ ಇಟ್ಟು ಲೆಕ್ಕ ಹಾಕಿ, 20 ಕಳೆಯಿರಿ.

ಮತ್ತೆ ಹುಬ್ಬಳ್ಳಿ

ಎಲ್ಲಾ ಲೆಕ್ಕ ಮುಗಿಸಿ ಹುಬ್ಬಳ್ಳಿಗೆ ಹೋದಾಗ ಹೇಗೆ ಹೇಳೋದು ಅಂತ ನನಗೆ ಮುಜುಗರ ಇತ್ತು. ನೂರು ವರ್ಷ ಶೌರ್ಯ ಪದಕ ಅಂತ ಕಾಪಾಡಿಕೊಂಡದ್ದನ್ನು ಹಾಜರಿ ಪದಕ ಅನ್ನೋದು ಹೇಗೆ? ಸುತ್ತುಬಳಸದೆ ಹೇಳಿಬಿಟ್ಟೆ. ಯುದ್ಧ ಅಲ್ಲ ಆಂಟಿ, ಇಪ್ಪತ್ತು ವರ್ಷ ತಪ್ಪದೆ ಪರೇಡಿಗೆ ಹೋಗಿದ್ದಕ್ಕೆ ಕೊಟ್ಟಿದ್ದು ಅಂದೆ. ಇಂಜಿನ್ ಕೆಲಸ ಮುಗಿಸಿ ಬಂದು, ಮತ್ತೆ ಡ್ರೆಸ್ ಹಾಕಿಕೊಂಡು ಹೋಗಬೇಕಿತ್ತು ಎಂದೂ ಹೇಳಿದೆ.

ಅವರು ಸ್ವಲ್ಪ ಹೊತ್ತು ಪದಕ ನೋಡುತ್ತಾ ಕೂತರು. ಆಮೇಲೆ ಅಂದರು: "ನಮ್ಮಪ್ಪ ಯಾವಾಗಲೂ ಹೇಳ್ತಿದ್ರು ತಮ್ಮಾ, ಸಣ್ಣಾವ ಇದ್ದಾಗ ಅಪ್ಪ ಮನ್ಯಾಗ ಇರ್ತಿದ್ದಿಲ್ಲ, ರಜಾ ದಿನಾನೂ ಇರ್ತಿದ್ದಿಲ್ಲ ಅಂತ. ಎಲ್ಲಿಗೆ ಹೋಗ್ತಿದ್ರು ಅಂತ ಈಗ ಗೊತ್ತಾತು ನೋಡ್ರಿ."

ಪದಕವನ್ನು ಮತ್ತೆ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರು. ನನ್ನ ಪಡಿಯಚ್ಚಿನ ಕಾಗದವನ್ನೂ ಕೇಳಿ ಇಸಿದುಕೊಂಡು, ಅದರ ಹಿಂದೆ ತಾವೇ ಪೆನ್ನಿನಲ್ಲಿ '20 ವರ್ಷ' ಅಂತ ಬರೆದು ಜತೆಗಿಟ್ಟರು. ಮುಂದೆ ಆ ಡಬ್ಬಿ ತೆರೆಯುವವರಿಗೆ ಅಂಚಿನ ಅಕ್ಷರ ಓದಲು ಬರದಿದ್ದರೂ ಅಷ್ಟು ಗೊತ್ತಾಗುತ್ತದೆ.